ದಣಿಸುವ ದಾರಿ, ದಣಿದ ಹುಡುಗ

ಮಂಡ್ಯದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನಮ್ಮ ಮುಂದೆ ಕೂರುವವರೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪ್ರತಿ ತಂಡದಲ್ಲೂ ಒಂದು ವಾಕ್ಯ ತಪ್ಪದೆ ಬರುತ್ತದೆ. ‘ನಂಗೆ ಬೋರಾಯ್ತದೆ’ ಅನ್ನುವುದನ್ನು ಇಂಗ್ಲಿಷಿಗೆ ಹಾಕಿ ಎಂದರೆ ‘ಐ ಯಾಮ್ ಬೋರಿಂಗ್’ ಎಂದು ಬರೆಯುತ್ತಾರೆ. ಅಂದರೆ ‘ನಾನು ಕಂಡವರಿಗೆಲ್ಲ ಬೇಸರ ಹುಟ್ಟಿಸುವ ಆಸಾಮಿ’ ಎಂದು ತಮ್ಮ ಬಗ್ಗೆ ತಾವೇ ದೂರು ಕೊಟ್ಟುಕೊಂಡಂತೆ. ಈ ಸಲ ಬೇರೆಲ್ಲ ವ್ಯಾಕರಣವನ್ನು ಬದಿಗಿಟ್ಟು, ಕ್ರಿಯಾಪದದಿಂದ ಹುಟ್ಟಿದ, ಕೊನೆಗೆ ಇಂಗ್ ಅಥವಾ ಎಡ್ ಹತ್ತುವ ‘ಬೋರಿಂಗ್’, ‘ಬೋರ್ಡ್’ ಥರದ ವಿಶೇಷಣಗಳಿಗೆ ಅಂತಲೇ 6 ಸಂಜೆ ಮೀಸಲಿಟ್ಟೆವು. ದಿನಕ್ಕೆ ಒಂದೂವರೆ ಗಂಟೆ.

ಮೊದಲ ಸಂಜೆ ಪಾಠವಿಲ್ಲ, 12 ಕನ್ನಡ ಮಾತುಗಳ ಒಂದು ಹಾಳೆ ಅಷ್ಟೇ. ಬೇಸರ ಹುಟ್ಟಿಸುವ ಸಿನಿಮಾ, ದಣಿದ ಎತ್ತು, ಕಾಯಿಸಿದ ಹಾಲು, ಕದ್ದ ಬೈಕು, ಉದುರಿದ ಎಲೆ, ನಿನ್ನೆ ಬಂದ ನೆಂಟರು, ಮಲಗಿದ ಮಗು, ಕುಡಿಯುವ ನೀರು, ಮರದ ಕೆಳಗೆ ಕೂತ ಹುಡುಗ, ಕಬ್ಬು ಬೆಳೆಯುವ ಜಿಲ್ಲೆ, ಸಂಬಂಧಪಟ್ಟ ಅಧಿಕಾರಿ, ಮೂರು ಕಾಲಿನ ಸ್ಟೂಲು. ಇಂಗ್ಲಿಷಿಗೆ ಹಾಕಿ ಕೊಡಿ ಅಂದೆವು. ತಿದ್ದಲಿಲ್ಲ, ಅಂಕ ಕೊಡಲಿಲ್ಲ, ಎತ್ತಿಟ್ಟೆವು. ಕೊನೆಯ ಸಂಜೆ ಅದೇ ಹಾಳೆ ಮತ್ತೆ ಬರುತ್ತದೆ ಎಂದು ಯಾರಿಗೂ ಹೇಳಲಿಲ್ಲ.

ಹಾಳೆಗಳನ್ನು ತಿರುವಿದಾಗ ಎರಡು ರೋಗ ಎದ್ದು ಕಂಡವು. ಒಂದು, ಶಾಲೆಯಲ್ಲಿ ಬಾಯಿಪಾಠವಾದ ‘ಜನಕ್ಕೆ ಎಡ್, ವಸ್ತುವಿಗೆ ಇಂಗ್’ ಅನ್ನುವ ಸೂತ್ರ. ಪರೀಕ್ಷೆಯ ನಾಲ್ಕು ಪ್ರಶ್ನೆಗೆ ಇದು ಸಾಕು, ಐದನೆಯದಕ್ಕೆ ಕೈಕೊಡುತ್ತದೆ. ಪಾಠದಲ್ಲಿ ನಿದ್ದೆ ಬರಿಸುವ ಮೇಷ್ಟ್ರು ಮನುಷ್ಯರೇ, ಆದರೂ ಅವರು ‘ಬೋರಿಂಗ್ ಟೀಚರ್’. ಕಾಯಿಸಿದ ಹಾಲು ವಸ್ತುವೇ, ಆದರೂ ಅದು ‘ಬಾಯಿಲ್ಡ್ ಮಿಲ್ಕ್’. ಎರಡನೆಯ ರೋಗ ಇನ್ನೂ ಆಳದ್ದು. ಇಂಗ್ಲಿಷ್ ವ್ಯಾಕರಣ ಇಂಗ್ ರೂಪಕ್ಕೆ ‘ಪ್ರೆಸೆಂಟ್ ಪಾರ್ಟಿಸಿಪಲ್’, ಎಡ್ ರೂಪಕ್ಕೆ ‘ಪಾಸ್ಟ್ ಪಾರ್ಟಿಸಿಪಲ್’ ಎಂದು ಹೆಸರಿಟ್ಟಿದೆ. ಹೈಸ್ಕೂಲಿನಲ್ಲಿ ಕೃದಂತನಾಮ ಓದಿದವರು ‘ಮಾಡುವ’ ವರ್ತಮಾನ, ‘ಮಾಡಿದ’ ಭೂತ, ‘ಮಾಡದ’ ನಿಷೇಧ ಎಂದು ಕಲಿತಿರುತ್ತಾರೆ. ಹಾಗಾಗಿ ಉವ ಕಂಡಲ್ಲಿ ಇಂಗ್, ದ ಕಂಡಲ್ಲಿ ಎಡ್ ಹಾಕಿಬಿಡುತ್ತಾರೆ. ಆ ಹೆಸರುಗಳನ್ನು ಇಟ್ಟವರ ಮೇಲೆ ನಮಗೆ ಈಗಲೂ ಸಿಟ್ಟಿದೆ, ಏಕೆಂದರೆ ವಿಶೇಷಣವಾಗಿ ಬಳಸುವಾಗ ಈ ಎರಡು ರೂಪಗಳ ನಡುವಿನ ಮುಖ್ಯ ವ್ಯತ್ಯಾಸ ಕಾಲದ್ದಲ್ಲ.

ಎರಡನೆಯ ಸಂಜೆ ಇಂಗ್ಲಿಷ್ ಮುಟ್ಟದೆ ಕನ್ನಡದಲ್ಲೇ ಶುರು ಮಾಡಿದೆವು. ಬೋರ್ಡಿನ ಮೇಲೆ ಎರಡು ಮಾತು ಬರೆದೆವು: ‘ಪುಸ್ತಕ ಓದಿದ ಹುಡುಗ’, ‘ಹುಡುಗ ಓದಿದ ಪುಸ್ತಕ’. ಎರಡರಲ್ಲೂ ‘ಓದಿದ’ ಒಂದೇ. ಓದಿದವನು ಯಾರು, ಓದಿಸಿಕೊಂಡದ್ದು ಯಾವುದು ಎಂಬುದನ್ನು ಆ ಪದ ಹೇಳುವುದಿಲ್ಲ, ಸುತ್ತಲಿನ ಪದಗಳು ಹೇಳುತ್ತವೆ. ‘ಹೆದರಿಸಿದ ನಾಯಿ’ ಅಂದರೆ ನಮ್ಮನ್ನು ಹೆದರಿಸಿದ ನಾಯಿಯೂ ಆಗಬಹುದು, ನಾವು ಹೆದರಿಸಿ ಓಡಿಸಿದ ನಾಯಿಯೂ ಆಗಬಹುದು. ಕನ್ನಡದ ಕೃದಂತ ಕಾಲವನ್ನು ಹೇಳುತ್ತದೆ, ಮಾಡಿದ್ದು ಯಾರು ಎಂಬುದನ್ನು ಕೇಳುಗರ ಊಹೆಗೆ ಬಿಡುತ್ತದೆ. ಇಂಗ್ಲಿಷಿನದು ತಲೆಕೆಳಗು. ಅದಕ್ಕೆ ಬೇಕಾದ್ದು ಕರ್ತರಿಯೋ ಕರ್ಮಣಿಯೋ ಎಂಬ ಲೆಕ್ಕ. ನಾಮಪದವೇ ಕೆಲಸ ಮಾಡುತ್ತಿದ್ದರೆ ಇಂಗ್, ಕೆಲಸ ಅದರ ಮೇಲೆ ಆಗಿದ್ದರೆ ಎಡ್. ನಿನ್ನೆ ನೋಡಿದ ಸಿನಿಮಾ ಇವತ್ತಿಗೂ ‘ಬೋರಿಂಗ್ ಫಿಲಂ’ ಅಷ್ಟೇ. ನಿನ್ನೆಯದು ಅಂತ ಎಡ್ ಬರುವುದಿಲ್ಲ.

ಇಷ್ಟು ಹೇಳಿದ ಮೇಲೂ ‘ಐ ಯಾಮ್ ಬೋರಿಂಗ್’ ಹೋಗಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ನಾವು ಸಾಲ ತಂದ ಪದದ ಒಳಗೇ. ಕನ್ನಡಕ್ಕೆ ‘ಬೋರ್’ ಬಂದದ್ದು ಒಂದು ಸ್ಥಿತಿಯ ಹೆಸರಾಗಿ. ‘ಬೋರ್ ಆಗ್ತಿದೆ’, ‘ಕನ್‌ಫ್ಯೂಸ್ ಆಗ್ತಿದೆ’ ಎನ್ನುತ್ತೇವೆ. ‘ಆಗ್ತಿದೆ’ ಬಂದ ಕೂಡಲೇ ಕೈ ತಾನಾಗಿ ಇಂಗ್ ಬರೆಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ಬೋರ್’ ಎಂದರೆ ಬೇಸರ ಆಗುವುದಲ್ಲ, ಬೇಸರ ಹುಟ್ಟಿಸುವುದು. ‘ಕನ್‌ಫ್ಯೂಸ್’ ಎಂದರೆ ಗೊಂದಲಗೊಳಿಸು. ‘ಟೈರ್’ ಎಂದರೆ ದಣಿಸು, ‘ಫ್ರೈಟನ್’ ಎಂದರೆ ಹೆದರಿಸು, ‘ಪ್ಲೀಸ್’ ಎಂದರೆ ಮೆಚ್ಚಿಸು. ಭಾವನೆಗೆ ಸಂಬಂಧಿಸಿದ ಈ ಗುಂಪಿನ ಕ್ರಿಯಾಪದಗಳ ಹೊಟ್ಟೆಯಲ್ಲಿ ನಮ್ಮ ‘ಇಸು’ ಪ್ರತ್ಯಯ ಮೊದಲೇ ಕೂತಿದೆ.

ಆಮೇಲೆ ದಾರಿ ಸಲೀಸಾಯಿತು. ಕನ್ನಡದಲ್ಲಿ ಜೋಡಿ ಇರುವ ಧಾತುಗಳನ್ನೇ ಆರಿಸಿಕೊಂಡೆವು: ದಣಿ-ದಣಿಸು, ಹೆದರು-ಹೆದರಿಸು, ಬಳಲು-ಬಳಲಿಸು. ದಣಿಸುವ ದಾರಿ ‘ಟೈರಿಂಗ್’, ದಣಿದ ಹುಡುಗ ‘ಟಯರ್ಡ್’. ಹೆದರಿಸುವ ನಾಯಿ ‘ಫ್ರೈಟನಿಂಗ್ ಡಾಗ್’, ಹೆದರಿದ ನಾಯಿ ‘ಫ್ರೈಟನ್ಡ್ ಡಾಗ್’. ಒಂದೇ ನಾಯಿಗೆ ಎರಡೂ ಸಲ್ಲುತ್ತದೆ ಎಂದು ಕಂಡಾಗ ಜನ-ವಸ್ತು ಸೂತ್ರ ತಾನಾಗಿ ಬಿದ್ದುಹೋಯಿತು. ಕನ್ನಡದಲ್ಲಿ ‘ಇಸುವ’ ಇಟ್ಟು ಅರ್ಥ ಕೂತರೆ ಇಂಗ್. ‘ಇಸು’ ಕಳಚಿ ‘ದ’, ‘ಗೊಂಡ’, ‘ಆದ’ ಇಟ್ಟಾಗ ಅರ್ಥ ಕೂತರೆ ಎಡ್. ಹಿಂದಿನ ಬೆಂಚಿನಿಂದ ‘ಹಂಗಾದ್ರೆ ಮೇಷ್ಟ್ರು ಬೋರಿಂಗು, ನಾವು ಬೋರ್ಡು ಅಲ್ವಾ ಸಾ?’ ಎಂದು ಬಂತು. ವ್ಯಾಕರಣದ ಪ್ರಕಾರ ಪೂರ್ಣಾಂಕ ಕೊಡಲೇಬೇಕಾಯಿತು.

ಈ ಗುಂಪಿನಲ್ಲಿ ಒಂದು ಹಳ್ಳವಿದೆ. ಎಡ್ ರೂಪ ಇದ್ದ ಮಾತ್ರಕ್ಕೆ ಇಂಗ್ ರೂಪ ಬಳಕೆಯಲ್ಲಿ ಇರಲೇಬೇಕು ಅಂತಿಲ್ಲ. ‘ಸ್ಕೇರ್ಡ್’ ಇದೆ, ಜೋಡಿಯಾಗಿ ಬರುವುದು ‘ಸ್ಕೇರಿ’. ‘ಇಂಪ್ರೆಸ್ಡ್’ಗೆ ‘ಇಂಪ್ರೆಸ್ಸಿವ್’, ‘ಡಿಲೈಟೆಡ್’ಗೆ ‘ಡಿಲೈಟ್‌ಫುಲ್’, ‘ಸ್ಟ್ರೆಸ್ಡ್’ಗೆ ‘ಸ್ಟ್ರೆಸ್‌ಫುಲ್’. ‘ಇಂಪ್ರೆಸ್ಸಿಂಗ್ ಸ್ಪೀಚ್’ ಎಂದು ಬರೆಯುವವರು ನಿಯಮ ಕಲಿತ ಜಾಣರೇ. ಇದಕ್ಕೆ ಸೂತ್ರವಿಲ್ಲ, ಈ ನಾಲ್ಕನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ ಅಂದೆವು. ಎಡ್ ರೂಪದ ಬೆನ್ನಿಗೆ ಬರುವ ಪುಟ್ಟ ಪದವನ್ನೂ ಜೊತೆಗೇ ಬರೆಸಿದೆವು: ಇಂಟರೆಸ್ಟೆಡ್ ಇನ್, ಟಯರ್ಡ್ ಆಫ್, ಬೋರ್ಡ್ ವಿತ್, ವರೀಡ್ ಅಬೌಟ್, ಮ್ಯಾರೀಡ್ ಟು. ಕೊನೆಯದು ಮುಖ್ಯ. ನಮ್ಮಲ್ಲಿ ‘ಅವಳ ಜೊತೆ ಮದುವೆಯಾಯಿತು’ ಎನ್ನುವುದರಿಂದ ಎಲ್ಲರೂ ‘ಮ್ಯಾರೀಡ್ ವಿತ್’ ಬರೆಯುತ್ತಾರೆ.

ಮೂರನೆಯ ಸಂಜೆಗೆ ಮನೆಗೆಲಸ ಕೊಟ್ಟಿದ್ದೆವು. ಅಂಗಡಿ, ಅಡುಗೆಮನೆ, ಬೋರ್ಡು, ಪ್ಯಾಕೆಟ್ಟು ಎಲ್ಲಿ ಕಂಡರೂ ಸರಿ, ಈ ಜಾತಿಯ 5 ಪದ ತರಬೇಕು. ಬಂದ ರಾಶಿ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಹಾಲಿನ ಪ್ಯಾಕೆಟ್ಟಿನ ‘ಪಾಶ್ಚರೈಸ್ಡ್ ಟೋನ್ಡ್ ಮಿಲ್ಕ್’, ಎಣ್ಣೆ ಪ್ಯಾಕೆಟ್ಟಿನ ‘ರಿಫೈನ್ಡ್’, ಹೋಟೆಲ್ ಟೇಬಲ್ಲಿನ ‘ರಿಸರ್ವ್ಡ್’, ಮೊಬೈಲಿನ ‘ಮಿಸ್ಡ್ ಕಾಲ್’. ಒಬ್ಬಳು ತಂದದ್ದು ಓಣಿಗೊಂದಿರುವ ‘ಸ್ಪೋಕನ್ ಇಂಗ್ಲಿಷ್’ ಬೋರ್ಡು. ಆಡುವ ಇಂಗ್ಲಿಷ್, ಅಂದರೆ ಆಡಲ್ಪಡುವ ಇಂಗ್ಲಿಷ್. ಇಂಗ್ಲಿಷ್ ತಾನೇ ಮಾತಾಡುವುದಿಲ್ಲವಲ್ಲ. ಕನ್ನಡದಲ್ಲಿ ಉವ ಇದ್ದರೂ ಇಂಗ್ಲಿಷಿನಲ್ಲಿ ಇಂಗ್ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅಕ್ಷರದ ಸಾಕ್ಷಿ ಬೇಡ.

ಆ ಬೋರ್ಡಿನಿಂದ ಇನ್ನೊಂದು ತಪ್ಪೂ ತಿದ್ದಿತು. ಶಾಲೆಯಲ್ಲಿ ಕ್ರಿಯಾಪದಗಳನ್ನು ವಿ-ಒನ್, ವಿ-ಟೂ, ವಿ-ಥ್ರೀ ಎಂದು ಮೂರು ಕಾಲಂನಲ್ಲಿ ಕಲಿಸುತ್ತಾರೆ. ಎಡ್ ಜಾಗದಲ್ಲಿ ವಿಶೇಷಣವಾಗುವುದು ಇವುಗಳಲ್ಲಿ ಮೂರನೆಯ ಕಾಲಂ ಮಾತ್ರ. ಮೊದಲ ದಿನದ ಹಾಳೆಯಲ್ಲಿ ಕದ್ದ ಬೈಕು ಬಹುತೇಕ ಕಡೆ ‘ಸ್ಟೋಲ್ ಬೈಕ್’ ಆಗಿತ್ತು, ಅದು ಎರಡನೆಯ ಕಾಲಂ. ಯಾರೂ ‘ಸ್ಪೋಕ್ ಇಂಗ್ಲಿಷ್’ ಕ್ಲಾಸಿಗೆ ಸೇರುವುದಿಲ್ಲ, ಹಾಗೆಯೇ ‘ಸ್ಟೋಲನ್ ಬೈಕ್’, ‘ಬ್ರೋಕನ್ ಗ್ಲಾಸ್’, ‘ಟಾರ್ನ್ ನೋಟ್’.

ತಳ್ಳುಗಾಡಿಗಳ ‘ಫ್ರೈ ರೈಸ್’ ಮತ್ತು ‘ಬಾಯ್ಲ್ ಎಗ್’ ಬೋರ್ಡುಗಳನ್ನು ಎಲ್ಲರೂ ನಗುತ್ತ ತಂದರು. ನಗುವುದೇನೂ ಬೇಡ. ಪದದ ಕೊನೆಯ ಡ್, ಮುಂದಿನ ಪದದ ವ್ಯಂಜನಕ್ಕೆ ತಾಗಿದಾಗ ನಾಲಿಗೆ ಅದನ್ನು ನುಂಗುವುದು ಸಹಜ. ಇಂಗ್ಲಿಷಿನವರೇ ನುಂಗಿದ್ದಾರೆ. ಇವತ್ತಿನ ‘ಐಸ್ ಕ್ರೀಮ್’ ಹಿಂದೆ ‘ಐಸ್ಡ್ ಕ್ರೀಮ್’ ಆಗಿತ್ತು. ‘ಸ್ಕಿಮ್ಡ್ ಮಿಲ್ಕ್’ ಜೊತೆಗೆ ‘ಸ್ಕಿಮ್ ಮಿಲ್ಕ್’ ಸಹ ನಡೆಯುತ್ತದೆ. ‘ಫ್ರೈಡ್ ರೈಸ್’ ಇನ್ನೂ ಆ ಹಂತ ತಲುಪಿಲ್ಲ, ಪರೀಕ್ಷೆಯಲ್ಲಿ ಡ್ ಹಾಕಲೇಬೇಕು.

ಉಚ್ಚಾರಣೆಗೆ 20 ನಿಮಿಷ ಸಾಕಾಯಿತು. ಕ, ಪ, ಸ, ಶ, ಚ, ಫ ಥರದ ಉಸಿರಿನ ದನಿಗಳ ನಂತರ ಬರಹದ ಎಡ್ ಬಾಯಲ್ಲಿ ‘ಟ್’: ಕುಕ್ಟ್, ಚಾಪ್ಟ್, ವಾಶ್ಟ್. ಟ, ಡ ನಂತರ ಮಾತ್ರ ‘ಇಡ್’: ರೋಸ್ಟಿಡ್, ಗ್ರೇಟಿಡ್. ಉಳಿದ ಕಡೆ ಬರೀ ‘ಡ್’. ವಿಶೇಷಣವಾದಾಗ ಕೆಲವು ಪದ ಈ ನಿಯಮ ಮುರಿಯುತ್ತವೆ. ಪಂಡಿತ ಎಂಬ ಅರ್ಥದ ‘ಲರ್ನಿಡ್’ ಎರಡು ತುಂಡಾಗಿ ಬರುತ್ತದೆ. ವಯಸ್ಸಾದ ಮನುಷ್ಯ ‘ಏಜಿಡ್ ಮ್ಯಾನ್’, 40 ವರ್ಷ ವಯಸ್ಸಿನವನು ‘ಏಜ್ಡ್ 40’.

ನಾಲ್ಕನೆಯ ಸಂಜೆ ಅರ್ಧ ತಂಡ ಎಡವಿತು, ನಾವೂ ಎರಡು ಸಲ ಪಾಠ ತಿರುಗಿಸಬೇಕಾಯಿತು. ಅಲ್ಲಿಯವರೆಗಿನ ಲೆಕ್ಕ ಸಕರ್ಮಕ ಧಾತುಗಳದ್ದು, ಅಂದರೆ ಕೆಲಸ ಇನ್ನೊಂದರ ಮೇಲೆ ಆಗುವಂಥವುಗಳದ್ದು. ‘ಉದುರಿದ ಎಲೆ’ಯನ್ನು ಯಾರೂ ಉದುರಿಸಿಲ್ಲ. ಹಾಗಾದರೆ ಎಲೆಯೇ ಕೆಲಸ ಮಾಡಿದೆ, ಇಂಗ್ ಬರಬೇಕಲ್ಲ? ಬರುವುದು ‘ಫಾಲನ್ ಲೀವ್ಸ್’. ಅಕರ್ಮಕ ಧಾತು ಬಂದಾಗ ಮಾತ್ರ ಹೈಸ್ಕೂಲಿನ ಕಾಲದ ಲೆಕ್ಕ ಸ್ವಲ್ಪ ಸರಿಹೋಗುತ್ತದೆ: ನಡೆಯುತ್ತಿದ್ದರೆ ಇಂಗ್, ಮುಗಿದಿದ್ದರೆ ಎಡ್. ಉದುರುತ್ತಿರುವ ಎಲೆ ‘ಫಾಲಿಂಗ್’, ಉದುರಿ ಬಿದ್ದದ್ದು ‘ಫಾಲನ್’. ‘ಡೆವಲಪಿಂಗ್ ಕಂಟ್ರಿ’, ‘ಡೆವಲಪ್ಡ್ ಕಂಟ್ರಿ’ ಎಲ್ಲರಿಗೂ ಗೊತ್ತಿರುವ ಜೋಡಿ. ನಮ್ಮ ಕಡೆ ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಆಲೆಮನೆ. ಕೊಪ್ಪರಿಗೆಯಲ್ಲಿ ಮರಳುತ್ತಿರುವ ಕಬ್ಬಿನ ಹಾಲು ‘ಬಾಯಿಲಿಂಗ್ ಜ್ಯೂಸ್’, ಕೈ ಇಟ್ಟರೆ ಸುಡುತ್ತದೆ. ‘ಬಾಯಿಲ್ಡ್ ವಾಟರ್’ ಕಾಯಿಸಿ ಆರಿಸಿದ್ದೂ ಆಗಿರಬಹುದು, ಡಾಕ್ಟರು ಕುಡಿಯಿರಿ ಅನ್ನುವುದು ಇದನ್ನೇ. ಟೀ ಸೊಪ್ಪು ಹಾಕಲು ಬೇಕಾದ್ದು ‘ಬಾಯಿಲಿಂಗ್ ವಾಟರ್’.

ಹಾಗೆಂದು ಎಲ್ಲ ಅಕರ್ಮಕಕ್ಕೂ ಎಡ್ ಹಚ್ಚಲು ಬರುವುದಿಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಪೂರ್ತಿ ದಾಟಿದ ಗುರುತು ಮೈಮೇಲೆ ಉಳಿದರೆ ಒಪ್ಪುತ್ತದೆ: ‘ರಿಟೈರ್ಡ್ ಟೀಚರ್’, ‘ಫೇಡೆಡ್ ಶರ್ಟ್’, ‘ಎಕ್ಸ್‌ಪೈರ್ಡ್ ಮೆಡಿಸಿನ್’. ಬಂದು ಹೋದ, ಓಡಿದ, ನಕ್ಕ ಥರದವು ಒಪ್ಪುವುದಿಲ್ಲ. ‘ನಿನ್ನೆ ಬಂದ ನೆಂಟರು’ ಹಾಳೆಗಳಲ್ಲಿ ‘ಯೆಸ್ಟರ್‌ಡೇ ಕಮ್ ರಿಲೇಟಿವ್ಸ್’ ಆಗಿತ್ತು. ಇಲ್ಲಿ ಪಾರ್ಟಿಸಿಪಲ್ ಹಟ ಬಿಟ್ಟು ‘ದಿ ರಿಲೇಟಿವ್ಸ್ ಹೂ ಕೇಮ್ ಯೆಸ್ಟರ್‌ಡೇ’ ಎಂದು ಬಿಡಿಸಿ ಹೇಳುವುದೇ ಸರಿ. ‘ಅರೈವ್ಡ್’ ಒಂಟಿಯಾಗಿ ನಿಲ್ಲದಿದ್ದರೂ ‘ನ್ಯೂಲಿ ಅರೈವ್ಡ್’ ಎಂದು ಊರುಗೋಲು ಕೊಟ್ಟರೆ ನಿಲ್ಲುತ್ತದೆ.

ಅದೇ ಸಂಜೆ ಎದುರಾದ ಇನ್ನೊಂದು ಸಿಕ್ಕನ್ನು ನಾವು ಕೈಯಾಡಿಸಿದ ಯಾವ ಪಠ್ಯದಲ್ಲೂ ಕಂಡಿರಲಿಲ್ಲ, ಹುಡುಗರ ತಪ್ಪುಗಳನ್ನು ಗುಡ್ಡೆ ಹಾಕಿದಾಗ ಹೊಳೆಯಿತು. ಮೈಯ ಭಂಗಿ ಹೇಳುವಾಗ ಕನ್ನಡ ‘ದ’ ಬಳಸುತ್ತದೆ: ಕೂತ ಹುಡುಗ, ನಿಂತ ಬಸ್ಸು, ಮಲಗಿದ ಮಗು, ಒರಗಿದ ಗೋಡೆ. ಕೂರುವ ಕೆಲಸ ಮುಗಿದು ಈಗ ಆ ಸ್ಥಿತಿಯಲ್ಲಿ ಇದ್ದಾನೆ ಎಂದು ನಮ್ಮ ಲೆಕ್ಕ. ಇಂಗ್ಲಿಷ್ ಅದನ್ನು ಇನ್ನೂ ನಡೆಯುತ್ತಿರುವ ಕೆಲಸ ಎಂದು ಎಣಿಸುತ್ತದೆ: ‘ಸಿಟ್ಟಿಂಗ್’, ‘ಸ್ಟ್ಯಾಂಡಿಂಗ್’, ‘ಸ್ಲೀಪಿಂಗ್’. ಆದ್ದರಿಂದ ‘ಸ್ಲೆಪ್ಟ್ ಚೈಲ್ಡ್’ ತಪ್ಪು. ಬಟ್ಟೆಬರೆಯೂ ಹೀಗೇ. ರೇಷ್ಮೆ ಸೀರೆ ಉಟ್ಟ ಹೆಂಗಸು ‘ಎ ವುಮನ್ ವೇರಿಂಗ್ ಎ ಸಿಲ್ಕ್ ಸ್ಯಾರಿ’, ಕನ್ನಡಕ ಹಾಕಿದ ಮೇಷ್ಟ್ರು ‘ವೇರಿಂಗ್ ಗ್ಲಾಸಸ್’. ಉಟ್ಟ, ತೊಟ್ಟ, ಹಾಕಿದ, ಕೂತ, ನಿಂತ, ಮಲಗಿದ, ಈ 6 ಕನ್ನಡ ಪದ ಕಂಡಾಗ ಎಡ್ ಕಡೆಗೆ ಹೋಗುವ ಕೈಯನ್ನು ಹಿಡಿದು ಇಂಗ್ ಕಡೆಗೆ ತಿರುಗಿಸಿ ಎಂದು ಬರೆಸಿದೆವು. ಪತ್ರಿಕೆಯ ‘ಕಾಣೆಯಾದ ಮಗು’ವನ್ನೂ ಅದೇ ಪಟ್ಟಿಗೆ ಸೇರಿಸಿದೆವು. ಅದು ‘ಮಿಸ್ಸಿಂಗ್ ಚೈಲ್ಡ್’. ‘ಮಿಸ್ಡ್’ ಆಗುವುದು ಕಾಲ್ ಮತ್ತು ಬಸ್ಸು.

ಐದನೆಯ ಸಂಜೆ ಇಂಗ್‌ನ ವೇಷಧಾರಿಗಳು. ‘ಡ್ರಿಂಕಿಂಗ್ ವಾಟರ್’ ಎಂದರೆ ನೀರು ಏನನ್ನಾದರೂ ಕುಡಿಯುತ್ತದೆಯೇ? ‘ವೇಟಿಂಗ್ ರೂಮ್’ ಯಾರಿಗಾದರೂ ಕಾಯುತ್ತದೆಯೇ? ಇವು ಪಾರ್ಟಿಸಿಪಲ್ ಅಲ್ಲ, ಕ್ರಿಯೆಯ ಹೆಸರು, ಇಂಗ್ಲಿಷ್ ವ್ಯಾಕರಣದ ‘ಜೆರಂಡ್’. ಪದಗಳ ನಡುವೆ ‘ಸಲುವಾಗಿ’ ಸೇರಿಸಿ ನೋಡಿದರೆ ತಿಳಿಯುತ್ತದೆ: ಕುಡಿಯುವ ಸಲುವಾಗಿ ಇರುವ ನೀರು, ಕಾಯುವ ಸಲುವಾಗಿ ಇರುವ ಕೋಣೆ. ‘ಸ್ಲೀಪಿಂಗ್ ಚೈಲ್ಡ್’ನಲ್ಲಿ ಮಗು ನಿಜಕ್ಕೂ ಮಲಗಿದೆ, ‘ಸ್ಲೀಪಿಂಗ್ ಬ್ಯಾಗ್’ನಲ್ಲಿ ಚೀಲ ಮಲಗುವುದಿಲ್ಲ. 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಇರುವ ಊರಿನವರಿಗೆ ‘ಕ್ರಷಿಂಗ್ ಸೀಸನ್’ ಹೊಸ ಪದವಲ್ಲ. ಹಂಗಾಮು ಏನನ್ನೂ ಅರೆಯುವುದಿಲ್ಲ, ಕಬ್ಬು ನುರಿಸುವ ಸಲುವಾಗಿ ಇರುವ ಕಾಲ ಅದು. ನುರಿಸಿದ ಮೇಲೆ ‘ಕ್ರಷ್ಡ್ ಕೇನ್’. ಕನ್ನಡದಲ್ಲೂ ‘ಕುಡಿಯುವ ನೀರು’ ಎಂದೇ ಹೇಳುವುದರಿಂದ ಇದು ತಪ್ಪಾಗುವುದು ಕಡಿಮೆ. ಒತ್ತು ಎಲ್ಲಿ ಬೀಳುತ್ತದೆ ಎಂಬುದೊಂದೇ ಕಲಿಯಬೇಕಾದ್ದು. ಜೆರಂಡ್ ಆದರೆ ಮೊದಲ ಪದದ ಮೇಲೆ. ‘ಡ್ಯಾನ್ಸಿಂಗ್ ಟೀಚರ್’ನಲ್ಲಿ ‘ಡ್ಯಾನ್’ ಒತ್ತಿದರೆ ಕುಣಿತ ಕಲಿಸುವ ಟೀಚರ್, ‘ಟೀ’ ಒತ್ತಿದರೆ ಕುಣಿಯುತ್ತಿರುವ ಟೀಚರ್.

ಜಾಗದ ಸಮಸ್ಯೆ ಇದಕ್ಕಿಂತ ದೊಡ್ಡದು. ಕನ್ನಡ ತನ್ನ ವಿಶೇಷಣವನ್ನು ಎಷ್ಟೇ ಉದ್ದವಿದ್ದರೂ ನಾಮಪದದ ಮುಂದೆಯೇ ಪೇರಿಸುತ್ತದೆ. ಇಂಗ್ಲಿಷ್ ಒಂಟಿ ಪದವಾದರೆ ಮುಂದೆ ಬಿಡುತ್ತದೆ, ಬಾಲ ಹತ್ತಿದರೆ ಹಿಂದಕ್ಕೆ ಕಳಿಸುತ್ತದೆ. ‘ಎ ಸ್ಲೀಪಿಂಗ್ ಬಾಯ್’ ಸರಿ, ಆದರೆ ‘ಎ ಬಾಯ್ ಸ್ಲೀಪಿಂಗ್ ಅಂಡರ್ ದಿ ಟ್ರೀ’. ಪದಗಳನ್ನು ಚೀಟಿಯಲ್ಲಿ ಬರೆದು, ಬಾಲದ ಚೀಟಿ ಸಿಕ್ಕವರು ನಾಮಪದದವರ ಹಿಂದೆ ಹೋಗಿ ನಿಲ್ಲಬೇಕು ಎಂದು ಆಡಿಸಿದೆವು. ಬೋರ್ಡಿನ ಮೇಲೆ ಒಂದು ಗಂಟೆಯಲ್ಲಿ ಹತ್ತದ್ದು ಹತ್ತೇ ನಿಮಿಷದಲ್ಲಿ ಹತ್ತಿತು.

‘ಸಂಬಂಧಪಟ್ಟ ಅಧಿಕಾರಿ’ ಈ ಲೆಕ್ಕದಲ್ಲೇ ಬರುವ ವಿಚಿತ್ರ ಪ್ರಾಣಿ. ಬ್ರಿಟಿಷ್ ಬಳಕೆಯಲ್ಲಿ ‘ಕನ್ಸರ್ನ್ಡ್’ ನಾಮಪದದ ಹಿಂದೆ ನಿಂತರೆ ಮಾತ್ರ ‘ಸಂಬಂಧಪಟ್ಟ’, ಮುಂದೆ ನಿಂತರೆ ‘ಚಿಂತೆಗೊಂಡ’. ಹಾಗೆ ನೋಡಿದರೆ ನಮ್ಮ ಕಚೇರಿಗಳಿಗೆ ಹೋಗುವ ಅರ್ಜಿಗಳೆಲ್ಲ ಚಿಂತಾಕ್ರಾಂತ ಅಧಿಕಾರಿಗಳನ್ನೇ ಉದ್ದೇಶಿಸಿವೆ. ‘ದಿ ಕನ್ಸರ್ನ್ಡ್ ಆಫೀಸರ್’ ಭಾರತದ ಇಂಗ್ಲಿಷಿನಲ್ಲಿ ಎಷ್ಟು ಬೇರೂರಿದೆ ಎಂದರೆ ಅದನ್ನು ತಪ್ಪು ಎಂದು ಹೊಡೆದುಹಾಕಲು ನಮಗೆ ಮನಸ್ಸಿಲ್ಲ. ಊರೊಳಗಿನ ಅರ್ಜಿಗೆ ನಡೆಯುತ್ತದೆ, ಹೊರದೇಶದವರಿಗೆ ಬರೆಯುವಾಗ ‘ದಿ ಆಫೀಸರ್ ಕನ್ಸರ್ನ್ಡ್’ ಎಂದು ತಿರುಗಿಸಿ ಅಂದೆವು.

ಜೋಡಿಪದಗಳಿಗೆ ಹುಡುಗರು ತಾವೇ ಸೂತ್ರ ಕಂಡುಕೊಂಡರು. ನಾಮಪದ ಸೇರಿಸಿ ಇಂಗ್ ಹಾಕಿದರೆ ಆ ನಾಮಪದ ಸಾಮಾನ್ಯವಾಗಿ ಕರ್ಮ: ಕಬ್ಬು ಬೆಳೆಯುವ ಜಿಲ್ಲೆ ‘ಶುಗರ್‌ಕೇನ್-ಗ್ರೋಯಿಂಗ್ ಡಿಸ್ಟ್ರಿಕ್ಟ್’. ಎಡ್ ಹಾಕಿದರೆ ಅದು ಮಾಡಿದವರೋ ಮಾಡಿದ ಸಾಧನವೋ ಆಗುತ್ತದೆ: ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ‘ಕ್ಯಾನಲ್-ಇರಿಗೇಟೆಡ್’, ಕೈಯಲ್ಲಿ ಮಾಡಿದ್ದು ‘ಹ್ಯಾಂಡ್-ಮೇಡ್’. ಹೆಗ್ಗಡದೇವನಕೋಟೆ ಕಡೆಯಿಂದ ಬರುವವನೊಬ್ಬ ‘ಮ್ಯಾನ್-ಈಟಿಂಗ್ ಟೈಗರ್, ಟೈಗರ್-ಈಟನ್ ಮ್ಯಾನ್’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ನಡುವಿನ ಅಡ್ಡಗೆರೆ ಬಿಟ್ಟರೆ ‘ಮ್ಯಾನ್ ಈಟಿಂಗ್ ಟೈಗರ್’ ಹುಲಿ ತಿನ್ನುತ್ತಿರುವ ಮನುಷ್ಯ ಎಂದೂ ಓದಿಸಿಕೊಳ್ಳುತ್ತದೆ.

ಮೂರು ಕಾಲಿನ ಸ್ಟೂಲು ‘ತ್ರೀ-ಲೆಗ್ಡ್ ಸ್ಟೂಲ್’. ಇಲ್ಲಿನ ಎಡ್ ಕ್ರಿಯಾಪದದ್ದಲ್ಲ, ಯಾರೂ ಸ್ಟೂಲನ್ನು ‘ಲೆಗ್’ ಮಾಡಿಲ್ಲ. ನಾಮಪದಕ್ಕೆ ಹತ್ತಿ ‘ಉಳ್ಳ’ ಎಂಬ ಅರ್ಥ ಕೊಡುವ ಬೇರೆಯೇ ಎಡ್ ಇದು. ವಿವರಿಸಲು ಹೆಣಗುತ್ತಿದ್ದಾಗ ತಂಡದಿಂದಲೇ ಉತ್ತರ ಬಂತು: ‘ಬಹುವ್ರೀಹಿ ಸಮಾಸ ಅಲ್ವಾ ಮೇಡಂ? ಮುಕ್ಕಣ್ಣ ಅಂದಂಗೆ.’ ಹೌದು, ಮೂರು ಕಣ್ಣುಳ್ಳವನು, ‘ತ್ರೀ-ಐಡ್’. ಮುಂದಿನ ತಂಡದಿಂದ ನಮ್ಮ ಪಾಠವೂ ಅಲ್ಲಿಂದಲೇ ಶುರು.

‘ವೆರಿ’ ಬಗ್ಗೆ ಒಂದು ಮಾತು ಹೇಳಿ ಆ ಸಂಜೆ ಮುಗಿಸಿದೆವು. ಪೂರ್ತಿ ವಿಶೇಷಣವಾಗಿ ಬದಲಾದ ಪದಕ್ಕೆ ‘ವೆರಿ’ ಹತ್ತುತ್ತದೆ: ವೆರಿ ಟಯರ್ಡ್, ವೆರಿ ಇಂಟರೆಸ್ಟಿಂಗ್. ಇನ್ನೂ ಕ್ರಿಯೆಯ ವಾಸನೆ ಬಿಡದ ಪದಕ್ಕೆ ಹತ್ತುವುದಿಲ್ಲ. ‘ವೆರಿ ಸ್ಟೋಲನ್ ಬೈಕ್’ ಇಲ್ಲ. ಬಹಳ ಚರ್ಚೆಯಾದ ವಿಷಯ ‘ಮಚ್-ಡಿಸ್ಕಸ್ಡ್’.

ಆರನೆಯ ಸಂಜೆ ಹಳೆಯ ಹಾಳೆ ಹೊರಬಂತು. ‘ಬೋರಿಂಗ್ ಫಿಲಂ’, ‘ಟಯರ್ಡ್ ಬುಲಕ್’, ‘ಸ್ಟೋಲನ್ ಬೈಕ್’ ಎಲ್ಲರಿಗೂ ಸರಿ. ‘ಫಾಲನ್ ಲೀವ್ಸ್’ ಒಂದಿಬ್ಬರಿಗೆ ಮಾತ್ರ ತಪ್ಪಿತು. ಹಾಳೆಯ ಮೇಲೆ ಮರದ ಕೆಳಗಿನ ಹುಡುಗ ಸರಿಯಾದ ಜಾಗದಲ್ಲಿ ಕೂತಿದ್ದ. ಆದರೆ ಹಾಳೆ ಬದಿಗಿಟ್ಟು ಕಿಟಕಿಯಾಚೆ ನೋಡಿ ಬಾಯಲ್ಲಿ ಹೇಳಿ ಎಂದಾಗ ಹತ್ತರಲ್ಲಿ ನಾಲ್ವರು ಮತ್ತೆ ‘ಅಂಡರ್ ದಿ ಟ್ರೀ ಸಿಟ್ಟಿಂಗ್ ಬಾಯ್’ ಅಂದರು. ಬರೆಯುವಾಗ ತಿರುಗಿಸಲು ಸಿಗುವ ಎರಡು ಸೆಕೆಂಡು ಮಾತಿನಲ್ಲಿ ಸಿಗುವುದಿಲ್ಲ. ಅಷ್ಟು ಜನಕ್ಕೆ ಇನ್ನೆರಡು ವಾರ, ಪಾಠ ಶುರುವಾಗುವ ಮುಂಚಿನ ಐದು ನಿಮಿಷ, ಕಿಟಕಿಯಾಚೆ ಕಂಡದ್ದನ್ನು ನಾಮಪದದಿಂದ ಶುರುಮಾಡಿ ಹೇಳುವ ಕೆಲಸ ಕೊಟ್ಟಿದ್ದೇವೆ: ಎ ಮ್ಯಾನ್ ಸೆಲ್ಲಿಂಗ್ ಗ್ರೌಂಡ್‌ನಟ್ಸ್, ಎ ಬಸ್ ಪಾರ್ಕ್ಡ್ ನಿಯರ್ ದಿ ಗೇಟ್, ಎ ಡಾಗ್ ಸ್ಲೀಪಿಂಗ್ ಇನ್ ದಿ ಶೇಡ್.